ಹೆದ್ದಾರಿ ಹತ್ತಿರ, ಶಸ್ತ್ರವೈದ್ಯ ದೂರ

ಭಟ್ಕಳದಿಂದ ಉತ್ತರಕ್ಕೆ ಹೊರಟ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕವನು ಪುಣ್ಯವಂತ. ಶಿರಾಲಿ, ಮುರ್ಡೇಶ್ವರ, ಮಂಕಿ ದಾಟುವಾಗ ತೆಂಗಿನ ತೋಟಗಳ ಸಂದಿಯಲ್ಲಿ ಅಲ್ಲಲ್ಲಿ ಕಡಲು ಇಣುಕುತ್ತದೆ. ಬಲಕ್ಕೆ ತಿರುಗಿದರೆ ಘಟ್ಟದ ಹಸಿರು. ಕಾಸರಕೋಡಿನ ಆಚೆ ಶರಾವತಿಯ ಸೇತುವೆ, ಸೇತುವೆ ಇಳಿದರೆ ಹೊನ್ನಾವರ. ಅಲ್ಲಿಂದ ಕರ್ಕಿ, ಹಳದೀಪುರ, ಧಾರೇಶ್ವರಗಳನ್ನು ಕಳೆದರೆ ಕುಮಟಾ. ಒಟ್ಟು ಸುಮಾರು 60 ಕಿಲೋಮೀಟರ್. ಹಿಂದೆ 17ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದುದು ಈಗ 66 ಆಗಿದೆ, ಅಗಲವಾಗಿದೆ, ವೇಗವೂ ಹೆಚ್ಚಿದೆ.

ವೇಗದ ಲೆಕ್ಕವನ್ನು ಹೈಸ್ಕೂಲಿನ ಮಕ್ಕಳೂ ಬಲ್ಲರು. ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಬೈಕು 80ಕ್ಕೆ ಏರಿದರೆ ಅದರ ಚಲನಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಢಿಕ್ಕಿಯಾದಾಗ ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕಲ್ಲ! ಒಂದು ಪಾಲು ತಗಡನ್ನು ಮುದ್ದೆ ಮಾಡುತ್ತದೆ, ಉಳಿದದ್ದು ಸವಾರನ ಮೂಳೆ, ಯಕೃತ್ತು, ಗುಲ್ಮಗಳಿಗೆ ಹೋಗುತ್ತದೆ.

ಈ ಮೂರು ಊರುಗಳಲ್ಲಿ 'ಮಣಿಪಾಲ' ಎಂಬುದು ಬರಿಯ ಊರಿನ ಹೆಸರಲ್ಲ, ಗಾಯದ ಗಾತ್ರವನ್ನು ಅಳೆಯುವ ಮಾತು. "ಮಣಿಪಾಲಕ್ಕೆ ಕರಕೊಂಡು ಹೋದ್ರಂತೆ" ಎಂದರೆ ಕೇಳಿದವರು ಮುಂದೆ ಪ್ರಶ್ನೆ ಕೇಳುವುದಿಲ್ಲ. ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ, ಖಾಸಗಿ ಆಸ್ಪತ್ರೆಗಳೂ ಇವೆ. ಆದರೆ ತಲೆಗೋ ಹೊಟ್ಟೆಗೋ ದೊಡ್ಡ ಏಟು ಬಿದ್ದರೆ 1953ರಲ್ಲಿ ಆರಂಭವಾದ ಆ ಮೆಡಿಕಲ್ ಕಾಲೇಜೇ ಗತಿ. ಇಲ್ಲವೇ ಮಂಗಳೂರು, ಹುಬ್ಬಳ್ಳಿ, ಗೋವಾ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿಲೋಮೀಟರ್. ಕುಮಟಾದವರಿಗೆ ಅದಕ್ಕೆ ಇನ್ನೂ 60 ಸೇರಿಸಬೇಕು. ಹುಬ್ಬಳ್ಳಿಗೆ ಹೋಗುವುದಾದರೆ ನಡುವೆ ಘಟ್ಟ.

2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಭಟ್ಕಳ ದಾಟಿ ಶಿರೂರಿನ ಟೋಲ್ ಗೇಟಿನಲ್ಲಿ ಜಾರಿ ಬಡಿಯಿತು. ರೋಗಿಯೂ ಸೇರಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೇ ಎದ್ದಿದ್ದ ಕೂಗು ಆಗ ಮತ್ತೆ ಜೋರಾಯಿತು. 'ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ' ಎಂದವರಲ್ಲಿ ಕಾಲೇಜು ಹುಡುಗರೇ ಬಹಳ.

ಆಸ್ಪತ್ರೆ ಎಂದರೆ ಕಟ್ಟಡವೆಂದೇ ಎಲ್ಲರೂ ತಿಳಿಯುತ್ತಾರೆ. ಒಳಗೆ ನಿಲ್ಲಬೇಕಾದವರು ಯಾರು, ಅವರು ತಯಾರಾಗುವುದು ಹೇಗೆ ಎಂಬುದನ್ನು ವಿಜ್ಞಾನ ಓದುವ ಮಕ್ಕಳೂ ಅವರ ತಂದೆತಾಯಂದಿರೂ ಸ್ವಲ್ಪ ಗಮನಿಸಬೇಕು.

ವಯಸ್ಕನೊಬ್ಬನ ಮೈಯಲ್ಲಿ ರಕ್ತ ಸುಮಾರು 5 ಲೀಟರ್. ಒಂದು, ಒಂದೂಕಾಲು ಲೀಟರ್ ಒಳಗೊಳಗೇ ಸೋರಿದರೂ ಗಟ್ಟಿಮುಟ್ಟಾದ ಯುವಕನ ರಕ್ತದೊತ್ತಡ ಅಷ್ಟಾಗಿ ಇಳಿಯದೆ ಇರಬಹುದು. ನಾಡಿ ಮಾತ್ರ ಓಡುತ್ತಿರುತ್ತದೆ. ಹುಡುಗ ಮಾತಾಡುತ್ತಾನೆ, ನೀರು ಕೇಳುತ್ತಾನೆ, ಮನೆಯವರು ದೇವರು ದೊಡ್ಡವನು ಎಂದುಕೊಳ್ಳುತ್ತಾರೆ. ಎರಡು ಲೀಟರ್ ಹತ್ತಿರವಾದಾಗ ಎಲ್ಲ ಒಮ್ಮೆಗೇ ಕುಸಿಯುತ್ತದೆ. ಮೈ ತಣ್ಣಗಾಗುತ್ತದೆ, ರಕ್ತ ಆಮ್ಲೀಯವಾಗುತ್ತದೆ, ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೂರೂ ಒಂದನ್ನೊಂದು ಹೆಚ್ಚಿಸುತ್ತವೆ. ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ 'ಸುವರ್ಣ ಗಂಟೆ' ಎಂದದ್ದು ಈ ಅವಧಿಗೇ. ಸರಿಯಾಗಿ ಅರವತ್ತೇ ನಿಮಿಷ ಎಂಬ ನಿಯಮವೇನಿಲ್ಲ. ಕೆಲವರಿಗೆ ಹತ್ತು ನಿಮಿಷವೂ ಇರುವುದಿಲ್ಲ.

ಇಂಥವನ ಹೊಟ್ಟೆ ತೆರೆದು ಎಲ್ಲವನ್ನೂ ಒಂದೇ ಸಲಕ್ಕೆ ಅಚ್ಚುಕಟ್ಟಾಗಿ ಹೊಲಿಯಲು ಹೋದರೆ ಹೊಲಿಗೆ ಮುಗಿಯುವುದರೊಳಗೆ ಜೀವ ಹೋಗಬಹುದು. ಅದಕ್ಕೆಂದೇ ಬೇರೊಂದು ಕ್ರಮ ಬಂದಿದೆ. ಕಾಸರಕೋಡಿನ ಮೀನುಗಾರರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ನಡುಗಡಲಿನಲ್ಲಿ ದೋಣಿಗೆ ತೂತು ಬಿದ್ದರೆ ಹಲಗೆ ಬದಲಿಸುತ್ತಾ ಕೂರುವವರುಂಟೇ? ಸಿಕ್ಕಿದ್ದನ್ನು ತುರುಕಿ, ನೀರು ಹೊರಚೆಲ್ಲಿ, ದಡ ಸೇರಿದ ಮೇಲೆ ರಿಪೇರಿ. ಶಸ್ತ್ರವೈದ್ಯನೂ ಹಾಗೆಯೇ ರಕ್ತನಾಳವನ್ನು ಬಿಗಿದು, ಯಕೃತ್ತಿನ ಸುತ್ತ ಬಟ್ಟೆ ಒತ್ತಿಟ್ಟು, ಹೊಟ್ಟೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಐ.ಸಿ.ಯು.ಗೆ ಕಳಿಸುತ್ತಾನೆ. ಅಲ್ಲಿ ಮೈ ಬೆಚ್ಚಗಾಗಿ, ರಕ್ತ ಸೇರಿ, ಒಂದೆರಡು ದಿನ ಕಳೆದ ಮೇಲೆ ಉಳಿದ ಕೆಲಸ. 1993ರಲ್ಲಿ ಫಿಲಡೆಲ್ಫಿಯಾದ ವೈದ್ಯರು ಇದಕ್ಕೆ 'ಡ್ಯಾಮೇಜ್ ಕಂಟ್ರೋಲ್' ಎಂದು ಹೆಸರಿಟ್ಟರು. ಅದು ನೌಕಾಪಡೆಯ ಮಾತೇ.

ಎಂದರೆ ಕತ್ತರಿ ಹಿಡಿಯುವವನಿಗೆ ಐ.ಸಿ.ಯು.ವಿನ ವಿದ್ಯೆಯೂ ಬೇಕು. ಎರಡನ್ನೂ ಕೂಡಿಸಿ ಕಲಿಸುವ ಶಿಕ್ಷಣ ಇದು. ಅಮೆರಿಕದಲ್ಲಿ ಐದು ವರ್ಷದ ಶಸ್ತ್ರಚಿಕಿತ್ಸಾ ತರಬೇತಿಯ ಮೇಲೆ ಒಂದೆರಡು ವರ್ಷದ ಫೆಲೋಶಿಪ್. ನಮ್ಮಲ್ಲಿ ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಎಸ್. ಮೂರು, ಅನಂತರ ಅಪಘಾತ ಶಸ್ತ್ರಚಿಕಿತ್ಸೆಯಲ್ಲಿ ಎಂ.ಸಿಎಚ್. ಮತ್ತೆ ಮೂರು. ಒಟ್ಟು ಹನ್ನೊಂದೂವರೆ! ದೆಹಲಿಯ ಏಮ್ಸ್‌ನ ಜಯಪ್ರಕಾಶ ನಾರಾಯಣ ಅಪೆಕ್ಸ್ ಟ್ರಾಮಾ ಸೆಂಟರ್ ಈ ವಿದ್ಯೆಗೆ ದೇಶದಲ್ಲಿ ಹೆಸರಾದ ಜಾಗ. ವೆಂಟಿಲೇಟರ್ ನಡೆಸುವುದು, ಹಾಸಿಗೆಯ ಪಕ್ಕದಲ್ಲೇ ಅಲ್ಟ್ರಾಸೌಂಡ್ ಹಿಡಿದು ಹೊಟ್ಟೆಯೊಳಗಿನ ರಕ್ತ ಹುಡುಕುವುದು, ಏಕಕಾಲಕ್ಕೆ ನಾಲ್ವರು ಗಾಯಾಳುಗಳು ಬಂದರೆ ಯಾರು ಮೊದಲೆಂದು ನಿರ್ಧರಿಸುವುದು ಇವೆಲ್ಲ ರಾತ್ರಿಪಾಳಿಯಲ್ಲಿ ಕಲಿಯುವಂಥವು. ಪುಸ್ತಕದಿಂದ ಬರುವುದು ಅರ್ಧವೂ ಅಲ್ಲ.

ಹನ್ನೊಂದು ವರ್ಷ ಎಂದು ಹೌಹಾರುವ ಪಾಲಕರಿಗೆ ಇನ್ನೊಂದು ಸಂಗತಿ. 1976ರ ಫೆಬ್ರುವರಿಯಲ್ಲಿ ಮೂಳೆವೈದ್ಯ ಜೇಮ್ಸ್ ಸ್ಟೈನರ್ ನಡೆಸುತ್ತಿದ್ದ ಪುಟ್ಟ ವಿಮಾನ ಅಮೆರಿಕದ ನೆಬ್ರಾಸ್ಕಾದ ಹೊಲವೊಂದರಲ್ಲಿ ಬಿತ್ತು. ಪತ್ನಿ ಸತ್ತರು, ಮಕ್ಕಳಿಗೆ ತೀವ್ರ ಗಾಯ. ಹತ್ತಿರದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಂಡ ಆರೈಕೆ ಅವರನ್ನು ಕಂಗೆಡಿಸಿತು. ಅವರು ಮತ್ತು ಸಂಗಡಿಗರು ಸೇರಿ 1978ರಲ್ಲಿ ಸಣ್ಣ ಊರಿನ ವೈದ್ಯರಿಗೆಂದೇ ಒಂದು ಕಿರು ತರಬೇತಿ ಹೂಡಿದರು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಎಂಬ ಕ್ರಮ. ಎ.ಟಿ.ಎಲ್.ಎಸ್. ಎಂಬ ಹೆಸರಿನಿಂದ ಅದು ಇಂದು ಜಗತ್ತಿನಾದ್ಯಂತ ನಡೆಯುತ್ತಿದೆ. ಕುಮಟಾ, ಹೊನ್ನಾವರಗಳಂಥ ಊರಿಗೆ ಹೇಳಿಮಾಡಿಸಿದ ಪಾಠ. ಇಲ್ಲಿ ಉಸಿರಿನ ದಾರಿ ತೆರೆದು, ರಕ್ತ ಕಟ್ಟಿ, ಬೇಕಾದರೆ ಹೊಟ್ಟೆ ತೆರೆದು ಒತ್ತಿಟ್ಟು ಕಳಿಸಬಲ್ಲ ಒಬ್ಬರಿದ್ದರೆ ಮಣಿಪಾಲದ ದಾರಿಯ ಸ್ವರೂಪವೇ ಬೇರೆಯಾಗುತ್ತದೆ.

ಒಬ್ಬರೇ ಇದ್ದು ಫಲವಿಲ್ಲವೆಂಬುದೂ ನಿಜ. ಅರಿವಳಿಕೆ ಕೊಡುವವರು, ಹಗಲೂ ರಾತ್ರಿ ತೆರೆದ ರಕ್ತನಿಧಿ, ಸಿ.ಟಿ. ಯಂತ್ರ, ನುರಿತ ದಾದಿಯರು ಜೊತೆಗಿರಬೇಕು. ಇವನ್ನು ಕೊಡದೆ, ಓದಿ ಬಂದವನು ಊರಿನಲ್ಲಿ ನಿಲ್ಲಲಿಲ್ಲವೆಂದು ದೂರಿದರೆ ನ್ಯಾಯವಾಗದು. 2013ರಲ್ಲಿ ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ಕುಮಟಾದ ಹುಡುಗಿಯೊಬ್ಬಳು ಸುಮಾರು 70 ಕಿಲೋಮೀಟರ್ ಆಚೆಗೇ ಎಂ.ಬಿ.ಬಿ.ಎಸ್. ಓದಬಹುದು. ಅಲ್ಲಿಂದ ಮುಂದಿನ ಆರು ವರ್ಷಕ್ಕೆ ಅವಳು ದೂರ ಹೋಗಲೇಬೇಕು. ತಿರುಗಿ ಬಂದಾಗ ಅವಳ ವಯಸ್ಸು ಮೂವತ್ತರ ಆಸುಪಾಸು.