ಚಂದ್ರಲೋಕದಲ್ಲಿ ನಾಟಕದ ಕ್ಯಾಂಪು

ದಸರಾ ರಜೆಗೆ ಬೆಂಗಳೂರಿನಿಂದ ತುಮಕೂರಿಗೆ ಬಂದ ಮೊಮ್ಮಗಳ ಕೈಯಲ್ಲಿ ಈ ಸಲ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ. ಇನ್ನೊಂದನ್ನು ಮಂಚದ ಕೆಳಕ್ಕೆ ತಳ್ಳಿ, ‘ಇದನ್ನ ಯಾರೂ ಮುಟ್ಟಬೇಡಿ’ ಅಂದಳು. ಮೂರನೇ ದಿನ ಬೆಳಿಗ್ಗೆ ನಾನು ಕಸ ಗುಡಿಸುವಾಗ ಪೊರಕೆ ತಗುಲಿ ಆ ಚೀಲ ಉರುಳಿತು. ಒಳಗಿನಿಂದ ರಟ್ಟಿನಲ್ಲಿ ಮಾಡಿದ ದೊಡ್ಡದೊಂದು ತಲೆ ಹೊರಬಂತು!

‘ತಲೆ ಅಲ್ಲ ತಾತ, ಹೆಲ್ಮೆಟ್ಟು. ಆಕಾಶಯಾನಿ ಹಾಕ್ಕೊಳ್ಳೋದು’ ಎಂದಳು. ಆಮೇಲೆ ಮುಖ ಸಣ್ಣದು ಮಾಡಿಕೊಂಡು, ‘ಈಗ ಬೇಡ ಬಿಡು. ನಾನು ಹೋಗ್ತಿಲ್ಲ’ ಅಂದಳು.

ಎಲ್ಲಿಗೆ ಹೋಗುತ್ತಿಲ್ಲ ಎಂದು ಕೇಳಿ ತಿಳಿಯುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿದಿತ್ತು. ಬೆಂಗಳೂರಿನಲ್ಲಿ ‘ಕಾಮಿಕ್ ಕಾನ್’ ಎಂಬ ದೊಡ್ಡ ಮೇಳ ನಡೆಯುತ್ತದೆ. ಈ ಮೇಳ ನಮ್ಮ ದೇಶದಲ್ಲಿ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ, ಮರುವರ್ಷ ಬೆಂಗಳೂರಿಗೂ ಬಂತು. ಚಿತ್ರಕಥೆ, ವೈಜ್ಞಾನಿಕ ಕಥೆ, ಸಿನಿಮಾಗಳನ್ನು ಮೆಚ್ಚುವವರು ಸಾವಿರಗಟ್ಟಲೆ ಸೇರುತ್ತಾರೆ. ಅನೇಕರು ತಮಗಿಷ್ಟವಾದ ಪಾತ್ರದ ವೇಷ ತೊಟ್ಟೇ ಬರುತ್ತಾರೆ. ಇವಳೂ ಇವಳ ಮೂವರು ಗೆಳತಿಯರೂ ಹೋಗುವುದೆಂದು ತೀರ್ಮಾನವಾಗಿತ್ತು. ಅವರು ಮೂವರೂ ಸಿದ್ಧ ಉಡುಪು ತರಿಸಿಕೊಂಡರು. ಇವಳು ಮಾತ್ರ ರಟ್ಟು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದಳು. ಅದನ್ನು ನೋಡಿ ಒಬ್ಬಳು, ‘ಫ್ರಿಜ್ಜು ಬಂದಿದ್ದ ಡಬ್ಬ ತಲೆಗೆ ಹಾಕ್ಕೊಂಡ ಹಾಗಿದೆ’ ಎಂದಳಂತೆ. ಅಷ್ಟೇ, ಹೆಲ್ಮೆಟ್ಟು ಚೀಲ ಸೇರಿತು.

ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ಓದಿದ್ದೆ. ಆದರೆ ಓದುಗರು ವೇಷ ಹಾಕಿಕೊಂಡು ಸೇರುತ್ತಾರೆಂದು ಗೊತ್ತಿರಲಿಲ್ಲ. ಅವತ್ತು ರಾತ್ರಿ ಅಜ್ಜಿ, ಮೊಮ್ಮಗಳು, ನಾನು ಕೂತು ಅದರ ಚರಿತ್ರೆ ಹುಡುಕಿದೆವು. ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಆಗ ಸೇರಿದ್ದವರು ಸುಮಾರು 200 ಜನ. ಅದೇ ಹೊತ್ತಿಗೆ ಆ ಊರಿನಲ್ಲಿ ದೊಡ್ಡ ವಸ್ತುಪ್ರದರ್ಶನವೂ ನಡೆಯುತ್ತಿತ್ತು. ನಮ್ಮ ಸಿದ್ಧಗಂಗೆಯ ಜಾತ್ರೆಯಲ್ಲಿ ವಸ್ತುಪ್ರದರ್ಶನ ಇರುತ್ತದಲ್ಲ, ಹಾಗೆ. ‘ಮುಂದಿನ ಕಾಲದ ಲೋಕ’ ಎನ್ನುವುದೇ ಆ ಪ್ರದರ್ಶನದ ವಿಷಯ. ಸಮ್ಮೇಳನಕ್ಕೆ ಬಂದ ಫಾರೆಸ್ಟ್ ಆಕರ್‌ಮನ್ ಎಂಬ ಯುವಕ ಮುಂದಿನ ಶತಮಾನದವನ ಹಾಗೆ ಉಡುಪು ತೊಟ್ಟಿದ್ದ. ಅದನ್ನು ಹೊಲಿದವಳು ಅವನ ಗೆಳತಿ ಮರ್ಟಲ್ ಡಗ್ಲಾಸ್. ಅವಳೂ ಅಂಥದ್ದೇ ಉಡುಪಿನಲ್ಲಿ ಬಂದಿದ್ದಳು.

‘ನೋಡು, ಮೊದಲನೆಯವರೇ ಅಂಗಡಿಯಿಂದ ತರಿಸಲಿಲ್ಲ’ ಎಂದೆ.

‘ಅವರಿಗೆ ಹೊಲಿಯೋಕೆ ಬರ್ತಿತ್ತು ತಾತ. ನನಗೆ ಬರಲ್ಲ.’

‘ಬರೋವರ ಹತ್ರ ಹೋಗೋಣ. ನಾಳೆ ಗುಬ್ಬಿಗೆ ಹೊರಡು.’

ತುಮಕೂರಿನಿಂದ ಗುಬ್ಬಿ ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಅರಸೀಕೆರೆ ಕಡೆ ಹೋಗುವ ರೈಲು ಹತ್ತಿದೆವು. ತೆಂಗಿನ ತೋಟ, ರಾಗಿ ಹೊಲ ನೋಡುತ್ತಿರುವಾಗಲೇ ಊರು ಬಂತು. ಸಣ್ಣ ಊರು, ಆದರೆ ಹೆಸರು ದೊಡ್ಡದು. ಇಲ್ಲಿಯ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಊರದೇವರು ಚನ್ನಬಸವೇಶ್ವರನ ಹೆಸರಿನಲ್ಲಿ. ಅದನ್ನು ನಾಡಿಗೆಲ್ಲ ಹಬ್ಬಿಸಿದ ಗುಬ್ಬಿ ವೀರಣ್ಣನವರು ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ, 1891ರಲ್ಲಿ. ಬಾಲನಟನಾಗಿ ಸೇರಿ, ಕೊನೆಗೆ ಕಂಪನಿಯ ಯಜಮಾನರೇ ಆದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದವರು ಅವರು. ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರು ಎಲ್ಲರೂ ಆ ಕಂಪನಿಯಲ್ಲಿ ಪಳಗಿದವರೇ.

‘ಸ್ಟೇಜ್ ಮೇಲೆ ಆನೆನಾ?’ ಮೊಮ್ಮಗಳು ನಿಂತೇಬಿಟ್ಟಳು. ‘ಅದನ್ನ ಹತ್ತಿಸೋದು ಹೇಗೆ? ಹಲಗೆ ಮುರಿಯಲ್ವಾ? ಹಿಂದೆ ನಿಂತಿರುವಾಗ ಕೂಗಿದ್ರೆ?’

ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ. ಪರದೆ ಎದ್ದಾಗ ಚಪ್ಪಾಳೆ ಬರುವುದು ಒಂದು ಕ್ಷಣ. ಆ ಆನೆಗೆ ಮೇವು, ನೀರು, ನಿಲ್ಲಲು ಜಾಗ, ಸದ್ದಿಗೆ ಬೆದರದ ಹಾಗೆ ಅಭ್ಯಾಸ, ಭಾರ ತಡೆಯುವ ಹಲಗೆ ಇವೆಲ್ಲ ಅದಕ್ಕೆ ಎಷ್ಟೋ ಮುಂಚೆ ಆಗಿರಬೇಕಾದ ಕೆಲಸ.

ನಾವು ಹೋದದ್ದು ನನಗೆ ಪರಿಚಯದ ಒಂದು ಡ್ರಾಮಾ ಸೀನರಿ ಅಂಗಡಿಗೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಹಬ್ಬ, ಜಾತ್ರೆಗೆ ಪೌರಾಣಿಕ ನಾಟಕ ಆಡುತ್ತಾರೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮಾಸ್ತರರ ಮುಂದೆ ಕೂತು ತಿಂಗಳುಗಟ್ಟಲೆ ಹಾಡು, ಮಾತು ಕಲಿಯುತ್ತಾರೆ. ಪಾತ್ರಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಅವರೇ ಕೊಡುತ್ತಾರೆ! ದುರ್ಯೋಧನ, ಕೃಷ್ಣನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಪರದೆ, ಉಡುಪು, ಕಿರೀಟ ಬಾಡಿಗೆಗೆ ಬರುವುದು ಇಂಥ ಅಂಗಡಿಗಳಿಂದ.

ಅಂಗಡಿಯ ಮುಂದೆ ಲಗೇಜ್ ಆಟೋ ನಿಂತಿತ್ತು. ಆವತ್ತು ರಾತ್ರಿ ಒಂದು ಹಳ್ಳಿಯಲ್ಲಿ ‘ಕುರುಕ್ಷೇತ್ರ’. ಯಜಮಾನರು ನೋಟ್‌ಬುಕ್ ಹಿಡಿದು ಒಂದೊಂದಾಗಿ ಕೂಗುತ್ತಿದ್ದರು, ಹುಡುಗ ಎತ್ತಿಡುತ್ತಿದ್ದ. ‘ದರ್ಬಾರು ಸೀನು ಒಂದು. ಕಾಡು ಒಂದು. ಬೀದಿ ಒಂದು. ಗದೆ ಎರಡು. ಕಿರೀಟ... ಎಣಿಸಪ್ಪಾ ಸರಿಯಾಗಿ. ಸೇಫ್ಟಿ ಪಿನ್ನು ಎರಡು ಪೊಟ್ಟಣ.’

‘ಪಿನ್ನು ಕೂಡ ಬರ್ಕೋತೀರಾ?’ ಎಂದು ಇವಳು ನಕ್ಕಳು.

‘ಪಿನ್ನಿಲ್ಲದೆ ದ್ರೌಪದಿ ಸೆರಗು ನಿಲ್ಲಲ್ಲ ಕಣವ್ವ. ಊರಾಚೆ ಮಧ್ಯರಾತ್ರಿ ಯಾವ ಅಂಗಡಿ ತೆಗ್ದಿರುತ್ತೆ?’ ಎಂದರು ಅವರು. ಅವಳ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದರು. ಅವರು ನಗಲಿಲ್ಲ. ‘ಎಷ್ಟು ಹೊತ್ತು ಹಾಕ್ಕೊಂಡಿರ್ತೀಯ?’

‘ಬೆಳಿಗ್ಗೆಯಿಂದ ಸಂಜೆವರೆಗೂ.’

‘ನೀರು ಹೇಗೆ ಕುಡೀತೀಯ? ಕೂತ್ಕೊಂಡ್ರೆ ಎದೆ ಮೇಲಿನ ರಟ್ಟು ಗಂಟಲಿಗೆ ಚುಚ್ಚಲ್ವಾ? ಬಾಗಿಲಲ್ಲಿ ನುಗ್ಗುತ್ತಾ? ಜಲಬಾಧೆಗೆ ಹೋಗಬೇಕಾದ್ರೆ ಒಬ್ಬಳೇ ಬಿಚ್ಚಿ ಹಾಕ್ಕೋಬಹುದಾ?’

ಒಂದಕ್ಕೂ ಅವಳ ಬಳಿ ಉತ್ತರವಿರಲಿಲ್ಲ. ಯಜಮಾನರು ಒಂದು ಕಿರೀಟ ತಂದು ಅದರ ಒಳಭಾಗ ತೋರಿಸಿದರು. ಹೊರಗೆ ಮಿರಿಮಿರಿ ಬೇಗಡೆ, ಗಾಜಿನ ಮಣಿ. ಒಳಗೆ ತಲೆಗೆ ಒತ್ತದಂತೆ ಹಳೇ ಬಟ್ಟೆಯ ಸಿಂಬೆ. ‘ನೋಡೋರಿಗೆ ಹೊರಗಡೆ, ಹಾಕ್ಕೊಳ್ಳೋರಿಗೆ ಒಳಗಡೆ. ಎರಡೂ ಮಾಡಬೇಕು’ ಎಂದರು. ಇನ್ನೊಂದು ಮಾತನ್ನೂ ಹೇಳಿಕೊಟ್ಟರು: ತಯಾರಿಯನ್ನು ಇವತ್ತಿನಿಂದ ಮುಂದಕ್ಕಲ್ಲ, ನಾಟಕದ ರಾತ್ರಿಯಿಂದ ಹಿಂದಕ್ಕೆ ಎಣಿಸಬೇಕು. ಹಿಂದಿನ ದಿನ ಏನೂ ಹೊಸದು ಮಾಡಬಾರದು. ಅದಕ್ಕೆ ವಾರ ಮೊದಲು ಪೂರ್ತಿ ವೇಷ ಹಾಕಿ ನೋಡಬೇಕು. ಅದಕ್ಕೂ ವಾರ ಮೊದಲು ಬಣ್ಣ ಒಣಗಿರಬೇಕು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ತನ್ನ ಪುಸ್ತಕದಲ್ಲಿ ದಿನಗಳನ್ನು ಹಿಂದಕ್ಕೆ ಎಣಿಸುತ್ತಿದ್ದಳು. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು ಎಂದು ಹೇಳಿದೆ. ತಲೆಯೆತ್ತಿ, ‘ಹಾಗಾದ್ರೆ ಮುಂದೆ ಇಲ್ಲಿಂದಲೇ ಆಕಾಶಕ್ಕೆ ಹೋಗಬಹುದು’ ಎಂದಳು. ‘ಹೋಗಲ್ಲ’ ಎಂಬ ಮಾತು ಆವತ್ತು ಮತ್ತೆ ಬರಲಿಲ್ಲ.

ಮರುದಿನ ಕುಣಿಗಲ್ಲು. ಅಲ್ಲಿ ನನ್ನ ತಂಗಿ ಇದ್ದಾಳೆ, ನಲವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿದವಳು. ಹೆಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಹೋಗಿ ಇಳಿದೆವು. ಜನಪದರು ಹಾಡಿ ಹೊಗಳಿದ ದೊಡ್ಡ ಕೆರೆ ನೋಡಿದೆವು. ಕುದುರೆ ಫಾರಂನ ಹೊರಗೂ ಸ್ವಲ್ಪ ಹೊತ್ತು ನಿಂತೆವು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು.

‘ತಾತ, ವೀರಣ್ಣನವರ ಕಂಪನಿ ಚಂದ್ರನ ಮೇಲೆ ನಾಟಕ ಆಡಿದ್ರೆ ಕುದುರೆಗೂ ಹೆಲ್ಮೆಟ್ ಹಾಕಬೇಕಲ್ವಾ?’ ಎಂದು ಕೇಳಿ ತಾನೇ ನಕ್ಕಳು.

ತಂಗಿ ಅವಳ ಅಳತೆ ತೆಗೆದುಕೊಂಡು ಕೇಳಿದಳು, ‘ಆಕಾಶಕ್ಕೆ ಹೋಗೋಳು ಅಂತೀಯ. ಯಾವೂರೋಳು? ಅಲ್ಲಿ ಏನು ಕೆಲಸ?’

ಮೊಮ್ಮಗಳು ಯೋಚಿಸುತ್ತಾ ಕೂತಳು. ತಂಗಿ ನನ್ನ ಮುಖ ನೋಡಿದಳು. ಒಳಗೆ ಹೋಗಿ, ಅಪ್ಪನ ಕಾಲದ ಕಬ್ಬಿಣದ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಒಂದು ಜೊತೆ ಭುಜಕೀರ್ತಿ. ಬೇಗಡೆ ಮಾಸಿತ್ತು, ಮಣಿಗಳು ಕೆಲವು ಉದುರಿದ್ದವು. ರಟ್ಟು ಮಾತ್ರ ಗಟ್ಟಿಯಾಗಿತ್ತು.

ಮಕ್ಕಳೇ, ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನನ್ನಪ್ಪ ಊರೂರಿನ ನಾಟಕಗಳಿಗೆ ಕಿರೀಟ, ಭುಜಕೀರ್ತಿ ಮಾಡಿಕೊಡುತ್ತಿದ್ದವರು. ಹುಣಿಸೆಬೀಜದ ಅಂಟು ಕಾಯಿಸಿ, ರಟ್ಟಿನ ಮೇಲೆ ರಟ್ಟು ಕೂರಿಸಿ ನೆರಳಲ್ಲಿ ಒಣಗಿಸುತ್ತಿದ್ದರು. ಹುಳ ಹತ್ತದಿರಲಿ ಎಂದು ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ನಾಟಕದ ಕರಪತ್ರದಲ್ಲಿ ದುರ್ಯೋಧನನ ಪಾತ್ರಧಾರಿಯ ಹೆಸರಿರುತ್ತಿತ್ತು, ಹಾರ್ಮೋನಿಯಂ ಮಾಸ್ತರರ ಹೆಸರಿರುತ್ತಿತ್ತು. ಅಪ್ಪನ ಹೆಸರು ಒಂದರಲ್ಲೂ ಇರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ‘ನಿಮ್ಮಪ್ಪ ಏನು ಮಾಡ್ತಾರೆ?’ ಎಂದಾಗ ನಾನು ‘ಬೇಸಾಯ’ ಎಂದು ಸುಳ್ಳು ಹೇಳಿದೆ. ಒಬ್ಬ ಹುಡುಗ ಹಿಂದೊಮ್ಮೆ ‘ರಟ್ಟಿನ ರಾಜ’ ಎಂದು ಅಪ್ಪನನ್ನು ಆಡಿಕೊಂಡಿದ್ದ, ಅದಕ್ಕೆ. ನಾನು ಹೇಳಿದ ಸುಳ್ಳು ಅಪ್ಪನ ಕಿವಿಗೂ ಬಿತ್ತು. ಅವರು ಬೈಯಲಿಲ್ಲ. ಆದರೆ ಅಂದಿನಿಂದ ಅಂಟಿನ ಕೈಯಲ್ಲಿ ನನ್ನ ಶಾಲೆಯ ಹತ್ತಿರ ಬರಲೇ ಇಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದ್ದು ಆವತ್ತೇ ಮೊದಲು. ಅವಳು ಏನೂ ಮಾತಾಡಲಿಲ್ಲ. ಭುಜಕೀರ್ತಿಯನ್ನು ತಿರುಗಿಸಿ ಒಳಭಾಗ ನೋಡಿದಳು. ಭುಜಕ್ಕೆ ತಾಗುವ ಕಡೆ ಮೆತ್ತಗೆ ಹಳೇ ಪಂಚೆಯ ಚೂರು ಹೊಲಿದಿತ್ತು.

‘ತಾತ, ನಿಮ್ಮಪ್ಪ ಒಳಗಡೆನೂ ಮಾಡಿದಾರೆ’ ಎಂದಳು.

ಸ್ವಲ್ಪ ಹೊತ್ತಿನ ಮೇಲೆ ತಂಗಿಯ ಪ್ರಶ್ನೆಗೆ ಉತ್ತರ ಬಂತು. ‘ಅಜ್ಜಿ, ನನ್ನ ಪಾತ್ರ ಗೊತ್ತಾಯ್ತು. ಗುಬ್ಬಿಯವಳು. ಕಂಪನಿ ಶುರುವಾಗಿ ಮುನ್ನೂರು ವರ್ಷ ಆಗಿದೆ. 2184ನೇ ಇಸವಿ. ಒಂದು ನಾಟಕ ಕಂಪನಿ ಚಂದ್ರನ ಮೇಲೆ ಕ್ಯಾಂಪ್ ಹಾಕಿದೆ. ನಾನು ಅದರಲ್ಲಿ ನಟಿ.’

ತಂಗಿ ಆಗಲೇ ಯಂತ್ರಕ್ಕೆ ದಾರ ಪೋಣಿಸುತ್ತಿದ್ದಳು.

ಮುಂದಿನ ನಾಲ್ಕು ದಿನ ತುಮಕೂರಿನ ನಮ್ಮ ಮನೆ ಅಂಗಡಿಯಂತಾಯಿತು. ಬೂದುಬಣ್ಣದ ಉದ್ದ ಅಂಗಿಗೆ ಪಕ್ಕದಲ್ಲಿ ಜಿಪ್ಪು ಬಂತು, ಒಬ್ಬಳೇ ಹಾಕಿ ತೆಗೆಯುವುದಕ್ಕೆ. ಹೆಲ್ಮೆಟ್ಟಿನ ಒಳಗೆ ಸಿಂಬೆ ಕೂತಿತು. ಹರಿತವಾದದ್ದು, ಲೋಹದ್ದು ಮೇಳದೊಳಗೆ ಬಿಡುವುದಿಲ್ಲವಾದ್ದರಿಂದ ಕತ್ತಿಯ ಯೋಚನೆ ಬಿಟ್ಟೆವು. ಭುಜಕೀರ್ತಿಗೆ ಅಜ್ಜಿ ತನ್ನ ಹಳೇ ಸರದ ಮಣಿ ಪೋಣಿಸಿಕೊಟ್ಟಳು.

ಸಂಜೆ ಪೂರ್ತಿ ವೇಷದಲ್ಲಿ ಅವಳನ್ನು ಅಮಾನಿಕೆರೆಯ ಕಡೆ ನಡೆಸಿಕೊಂಡು ಹೋದೆ. ಹತ್ತು ನಿಮಿಷದಲ್ಲಿ ಉಸಿರಿನ ಹಬೆಗೆ ಮುಂದಿನ ಪ್ಲಾಸ್ಟಿಕ್ ಮಸುಕಾಗಿ, ಆಕಾಶಯಾನಿ ಬೆಂಚಿಗೆ ಡಿಕ್ಕಿ ಹೊಡೆದಳು! ಸುತ್ತ ಸೇರಿದ ಮಕ್ಕಳ ಜೊತೆ ತಾನೂ ನಕ್ಕಳು. ಮನೆಗೆ ಬಂದು ಗಲ್ಲದ ಕೆಳಗೂ ಹಿಂದೆಯೂ ತೂತು ಕೊರೆದೆವು. ಇನ್ನೊಂದು ಸಂಜೆ ನಡೆದಾಗ ಹಬೆ ಕಟ್ಟಲಿಲ್ಲ. ಮೇಳದ ದಿನ ಗೊತ್ತಾಗಿದ್ದರೆ ಏನು ಗತಿ?

ರಜೆ ಮುಗಿದು ಹೊರಡುವ ಹಿಂದಿನ ದಿನ ಗೆಳತಿಗೆ ಫೋನು ಮಾಡಿದಳು. ಫ್ರಿಜ್ಜಿನ ಡಬ್ಬ ಎಂದಿದ್ದವಳಿಗೇ. ‘ನಿನ್ನ ಡ್ರೆಸ್ಸಲ್ಲಿ ಕೂತ್ಕೊಳ್ಳೋಕಾಗುತ್ತಾ ನೋಡ್ಕೊಂಡ್ಯಾ? ಈಗಲೇ ನೋಡ್ಕೋ. ಪಿನ್ನು ನಾನು ತರ್ತೀನಿ’ ಎಂದಳು. ಆ ಕಡೆಯವಳು ಏನೆಂದಳೋ, ಮಾತು ಅರ್ಧ ಗಂಟೆ ನಡೆಯಿತು.

ಬಸ್‌ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಮಡಿಚಿದ ಹಾಳೆಯೊಂದನ್ನು ಕೊಟ್ಟಳು. ಮೇಳದಲ್ಲಿ ಹಂಚಲು ತಾನೇ ಬರೆದ ಕರಪತ್ರ. ಮೇಲೆ ದಪ್ಪ ಅಕ್ಷರದಲ್ಲಿ: ‘ಚಂದ್ರಲೋಕದಲ್ಲಿ ಕ್ಯಾಂಪ್! ಬನ್ನಿರಿ, ನೋಡಿರಿ!’ ಅದರ ಕೆಳಗೆ ತನ್ನ ಹೆಸರು. ಆಮೇಲೆ ಸಾಲಾಗಿ, ಹೊಲಿಗೆ: ಕುಣಿಗಲ್ಲಿನ ಅಜ್ಜಿ. ಮಣಿ: ತುಮಕೂರಿನ ಅಜ್ಜಿ. ಹೆಲ್ಮೆಟ್ಟಿನ ತೂತು: ತಾತ.

ಕೊನೆಯ ಸಾಲಿನಲ್ಲಿ, ಭುಜಕೀರ್ತಿ: ಎಂದು ಬರೆದು, ಅದರ ಮುಂದೆ ನನ್ನಪ್ಪನ ಪೂರ್ತಿ ಹೆಸರು.