ಗಡಿಗೆಯ ಹೊಟ್ಟೆ, ಅಣೆಕಟ್ಟೆಯ ಗೆರೆ

ಬೇಸಿಗೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮನೆಗಳಲ್ಲಿ ಅಂಬಲಿಯ ಗಡಿಗೆಗೆ ಬಿಡುವಿಲ್ಲ. ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಮಣ್ಣಿನ ಗಡಿಗೆಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಅದನ್ನು ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಡಿದುಕೊಂಡು ಕುಡಿದವರಿಗೆ ಇಲ್ಲಿನ ಬಿರುಬಿಸಿಲೂ ಅಷ್ಟಾಗಿ ತಟ್ಟದು. ಹಿಟ್ಟು ಕದಡುವಾಗ ಗಡಿಗೆಯನ್ನು ಯಾರೂ ಕಂಠದ ತನಕ ತುಂಬುವುದಿಲ್ಲ. ‘ನಾಕು ಬಟ್ಟು ಜಾಗ ಬಿಡವ್ವ, ಉಕ್ಕತದ’ ಎಂದು ಅತ್ತೆ ಸೊಸೆಗೆ ಹೇಳುವ ಮಾತಿನಲ್ಲೇ ಒಂದು ಅಳತೆ ಅಡಗಿದೆ.

ಮಣ್ಣಿನ ಗಡಿಗೆಯೊಳಗೆ ಎಷ್ಟಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬಾಯಿ ಕಿರಿದು, ಅಡುಗೆ ಮನೆಯ ಮೂಲೆ ಕತ್ತಲು. ಕೆಲವರು ಎತ್ತಿ ನೋಡಿ ತೂಕದಿಂದ ಅಂದಾಜು ಮಾಡುತ್ತಾರೆ. ಕೆಲವರು ಹೊರಮೈಯನ್ನು ಬೆರಳಿನಿಂದ ಬಡಿಯುತ್ತಾ ಕೆಳಗಿಳಿಯುತ್ತಾರೆ. ಬರಿದಾದ ಭಾಗದ ಟಣ್ ಟಣ್ ಸದ್ದು ಯಾವ ಜಾಗದಲ್ಲಿ ಮಂದವಾಗುತ್ತದೋ ಅಲ್ಲಿಗೆ ಅಂಬಲಿಯ ಮಟ್ಟ. ಎಲ್ಲಕ್ಕಿಂತ ನೇರವಾದದ್ದು ಕಡ್ಡಿ. ಒಣಗಿದ ಕಡ್ಡಿಯನ್ನು ತಳದವರೆಗೆ ಇಳಿಸಿ ಮೇಲೆತ್ತಿದರೆ ಒದ್ದೆಯಾದ ಭಾಗವೇ ಲೆಕ್ಕ. ಲಾರಿಯ ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವ ಡ್ರೈವರನೂ ಮಾಡುವುದು ಇದನ್ನೇ.

ಹುಳಿಯುವ ಪದಾರ್ಥದಲ್ಲಿ ಕಡ್ಡಿ ಮೋಸ ಹೋಗುವುದೂ ಉಂಟು. ಹುಳಿ ಬರುವಾಗ ಹುಟ್ಟುವ ಗಾಳಿ ಮೇಲೆ ನೊರೆಯಾಗಿ ನಿಲ್ಲುತ್ತದೆ. ಕಡ್ಡಿ ನೊರೆಯಲ್ಲೂ ಒದ್ದೆಯಾಗುತ್ತದೆ. ಈಚಲು ಮರದಿಂದ ಸೇಂದಿ ಇಳಿಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಅಬಕಾರಿ ಬೊಕ್ಕಸದ ದೊಡ್ಡ ಆದಾಯವಾಗಿತ್ತು. ಮರಕ್ಕೆ ಕಟ್ಟಿದ ಗಡಿಗೆಯಲ್ಲಿ ರಸ ಎಷ್ಟು, ನೊರೆ ಎಷ್ಟು ಎಂಬುದು ಸಣ್ಣ ಪ್ರಶ್ನೆಯೇನೂ ಅಲ್ಲ. ನೊರೆ ಅಡಗುವವರೆಗೆ ಕಾಯದೆ ಅಳೆದರೆ ಕೊಂಡವನಿಗೆ ನಷ್ಟ.

ಇನ್ನೂ ದೊಡ್ಡ ಮೋಸ ಗಡಿಗೆಯ ಹೊಟ್ಟೆಯದು. ಒಳಗೆ 30 ಸೆಂಟಿಮೀಟರ್ ವ್ಯಾಸವಿರುವ ದುಂಡನೆಯ ಗಡಿಗೆಯೊಂದನ್ನು ತೆಗೆದುಕೊಳ್ಳೋಣ. ತಳದಲ್ಲಿ 3 ಸೆಂ.ಮೀ. ಎತ್ತರಕ್ಕೆ ನಿಂತ ಅಂಬಲಿ ಸುಮಾರು 0.4 ಲೀಟರು. ಅದೇ 3 ಸೆಂ.ಮೀ. ನಡುಹೊಟ್ಟೆಯಲ್ಲಿ ಸುಮಾರು 2.1 ಲೀಟರು. ಕಡ್ಡಿಯ ಮೇಲೆ ಎರಡೂ ಒಂದೇ ಉದ್ದ, ಲೋಟದಲ್ಲಿ ಐದು ಪಟ್ಟು ವ್ಯತ್ಯಾಸ! ಗೋಳದ ಗಾತ್ರದ ಸೂತ್ರ ಕಲಿತ ಹೈಸ್ಕೂಲು ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರಿದಾದ ಗಡಿಗೆಗೆ ಒಂದೊಂದೇ ಲೀಟರು ನೀರು ಹಾಕುತ್ತಾ, ಪ್ರತಿ ಸಲವೂ ಕಡ್ಡಿ ಇಳಿಸಿ ಒದ್ದೆಯ ಅಂಚಿಗೆ ಗೆರೆ ಕೊರೆಯಬೇಕು. ಗೆರೆಗಳು ಕೆಳಗೆ ದೂರ ದೂರ, ನಡುವೆ ಒತ್ತೊತ್ತಾಗಿ, ಕಂಠದ ಹತ್ತಿರ ಮತ್ತೆ ದೂರ ದೂರ ಬೀಳುತ್ತವೆ. ಹೀಗೆ ಗೆರೆ ಬಿದ್ದ ಕಡ್ಡಿ ಆ ಒಂದು ಗಡಿಗೆಗೆ ಮಾತ್ರ ಸಲ್ಲುತ್ತದೆ. ನೆರೆಮನೆಯವರು ಕೇಳಿದರೆ ಕಡ್ಡಿಯ ಜೊತೆಗೆ ಗಡಿಗೆಯನ್ನೂ ಕೊಡಬೇಕಾದೀತು.

ಈ ಗಡಿಗೆಯ ಲೆಕ್ಕ ಅಡುಗೆ ಮನೆಗೆ ಮುಗಿಯುವುದಿಲ್ಲ. ಯಾದಗಿರಿಯಿಂದ ನಾರಾಯಣಪುರದವರೆಗೆ ಒಂದು ಸುತ್ತು ಹಾಕಿದವರಿಗೆ ಅದು ದಾರಿಯುದ್ದಕ್ಕೂ ಎದುರಾಗುತ್ತದೆ.

ಮುಂಬಯಿ ಕಡೆಯ ರೈಲುಹಳಿ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಈ ಮಾರ್ಗದಲ್ಲಿದೆ. ಇಲ್ಲಿ ಓಡಾಡಿದ ಉಗಿ ಎಂಜಿನ್ನಿನ ಬಾಯ್ಲರೂ ಒಂದು ಮುಚ್ಚಿದ ಗಡಿಗೆಯೇ. ಅದರೊಳಗೆ ಕಡ್ಡಿ ಇಳಿಸುವಂತಿರಲಿಲ್ಲ. ಅದಕ್ಕಾಗಿ ಚಾಲಕನ ಕಣ್ಣೆದುರು ಒಂದು ಗಾಜಿನ ಕೊಳವೆ ಇರುತ್ತಿತ್ತು. ಕೆಳತುದಿ ಬಾಯ್ಲರಿನ ನೀರಿಗೆ, ಮೇಲ್ತುದಿ ಉಗಿಗೆ ಸೇರಿದ ಈ ಕೊಳವೆಯಲ್ಲಿ ನೀರು ಒಳಗಿನ ಮಟ್ಟಕ್ಕೇ ನಿಲ್ಲುತ್ತದೆ. ಕೂಡಿಕೊಂಡ ಪಾತ್ರೆಗಳಲ್ಲಿ ನೀರು ಒಂದೇ ಮಟ್ಟ ಹಿಡಿಯುತ್ತದೆ ಎಂಬ ಶಾಲೆಯ ಪಾಠವೇ ಇದು. ಅದನ್ನು ನೋಡಲು ಮರೆತು ನೀರು ತೀರಾ ಇಳಿದರೆ ಬೆಂಕಿಗೂಡಿನ ಮೇಲ್ಭಾಗ ಬರಿದಾಗಿ ಬಾಯ್ಲರು ಸಿಡಿಯುವ ಅಪಾಯವಿತ್ತು.

ಊರು ಬಿಟ್ಟು ಶಹಾಪುರದ ಬಸ್ಸು ಹಿಡಿದರೆ ಭೀಮಾ ನದಿಯ ಸೇತುವೆ ಸಿಗುತ್ತದೆ. ಸುಮಾರು 70 ಸಾವಿರ ಚದರ ಕಿಲೋಮೀಟರ್ ನೆಲದ ಮಳೆನೀರನ್ನು ಹೊತ್ತು ತರುವ ನದಿ ಇದು. ಕೇಂದ್ರ ಜಲ ಆಯೋಗ ಯಾದಗಿರಿಯಲ್ಲಿ ನದಿಯ ಮಟ್ಟವನ್ನು ಅಳೆಯುತ್ತದೆ. ಇಂಥ ಕಡೆ ಅಂಕಿ ಬರೆದ ಅಳತೆಪಟ್ಟಿಯೇ ಕಡ್ಡಿ. ಇಲ್ಲಿ ನೊರೆಯ ಬದಲು ಅಲೆಗಳ ಕಾಟ. ದಡದ ಪಕ್ಕದಲ್ಲಿ ಒಂದು ಬಾವಿ ತೋಡಿ ಸಣ್ಣ ಕೊಳವೆಯಿಂದ ನದಿಗೆ ಜೋಡಿಸಿದರೆ ಬಾವಿಯಲ್ಲಿ ಅಲೆಯೇಳದೆ ನೀರು ನಿಶ್ಚಲವಾಗಿ ನಿಲ್ಲುತ್ತದೆ. ಮಟ್ಟ ಮಾತ್ರ ನದಿಯದೇ. ನೊರೆ ಅಡಗಲೆಂದು ಕಾದ ಸೇಂದಿಯವನ ಜಾಣ್ಮೆಯೂ ಎಂಜಿನ್ನಿನ ಗಾಜಿನ ಕೊಳವೆಯೂ ಇಲ್ಲಿ ಒಂದಾಗಿವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ, ದಂಡೆಯ ಹಳ್ಳಿಗಳವರು ಯಾವಾಗ ಮನೆ ಬಿಡಬೇಕು ಎಂಬುದು ಇಂಥ ಅಂಕಿಗಳನ್ನೇ ನೆಚ್ಚಿಕೊಂಡಿತ್ತು.

ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ಕಣ್ತುಂಬ ನೋಡಿ ಮುಂದೆ ಹೊರಟರೆ ಸುರಪುರ. ನಾಯಕ ಅರಸರ ಊರು. 1842ರಿಂದ 1853ರವರೆಗೆ ಇಲ್ಲಿದ್ದ ಮೆಡೋಸ್ ಟೇಲರ್ 1844ರಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಇನ್ನೂ ಇದೆ. ಕಾದಂಬರಿಕಾರನೆಂದು ಹೆಸರಾದ ಟೇಲರ್ ಕೆರೆಗಳ ವಿಷಯದಲ್ಲೂ ಆಸ್ಥೆಯುಳ್ಳವನು. ಸಮೀಪದ ಬೋನಾಳ ಕೆರೆ ಪಾಮನಾಯಕನ ಕಾಲದ್ದು. ಅದನ್ನು ದುರಸ್ತಿ ಮಾಡಿಸಿದವನು ಟೇಲರ್. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುವ ಈ ಕೆರೆಯನ್ನು ಗಡಿಗೆ ಎನ್ನುವುದಕ್ಕಿಂತ ಅಗಲವಾದ ತಟ್ಟೆ ಎನ್ನಬೇಕು. ಒಂದು ಚದರ ಕಿಲೋಮೀಟರ್ ಹರವಿನ ಕೆರೆಯಲ್ಲಿ ನೀರು ಒಂದೇ ಒಂದು ಸೆಂಟಿಮೀಟರ್ ಇಳಿದರೆ ಹೋಗುವುದು 1 ಕೋಟಿ ಲೀಟರ್! ಬೇಸಿಗೆಯ ಬಿಸಿಲು ಸದ್ದಿಲ್ಲದೆ ಕುಡಿಯುವುದನ್ನು ತೂಬಿನ ಕಲ್ಲಿನ ಮೇಲಿನ ಒದ್ದೆ ಗೆರೆ ಒಂದೇ ತೋರಿಸುತ್ತದೆ.

ಸುರಪುರದಿಂದ ಹುಣಸಗಿ ದಾಟಿ ನಾರಾಯಣಪುರ ತಲುಪಿದರೆ ಕೃಷ್ಣೆಗೆ ಅಡ್ಡಲಾಗಿ ಹತ್ತು ಕಿಲೋಮೀಟರಿಗೂ ಉದ್ದದ ಬಸವಸಾಗರ ಅಣೆಕಟ್ಟೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವ ‘ಗರಿಷ್ಠ ಮಟ್ಟ 492.25 ಮೀಟರ್’ ಎಂಬ ಸಾಲನ್ನು ಓದಿ ಅಷ್ಟು ಆಳ ನೀರಿದೆಯೆಂದು ತಿಳಿಯುವ ಮಕ್ಕಳಿದ್ದಾರೆ; ದೊಡ್ಡವರೂ ಇದ್ದಾರೆ. ಅಣೆಕಟ್ಟೆಯ ಎತ್ತರವೇ 30 ಮೀಟರಿನೊಳಗೆ! ಈ ಅಂಕಿ ಸಮುದ್ರಮಟ್ಟದಿಂದ ಎಣಿಸಿದ್ದು. ಕಡ್ಡಿಯ ಸೊನ್ನೆ ನದಿಯ ತಳದಲ್ಲಿಲ್ಲ, ಕಡಲಿನಲ್ಲಿದೆ ಎಂದರೆ ಅರ್ಥವಾದೀತು.

ಮಟ್ಟದಿಂದ ನೀರಿನ ಪ್ರಮಾಣ ತಿಳಿಯಲು ಎಂಜಿನಿಯರುಗಳ ಬಳಿ ಒಂದು ಪಟ್ಟಿ ಇರುತ್ತದೆ: ಇಷ್ಟು ಮೀಟರಿಗೆ ಇಷ್ಟು ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು. ಜಲಾಶಯ ಗಡಿಗೆಯ ಕೆಳಗಿನ ಅರ್ಧದಂತೆ ಮೇಲೆ ಹೋದಷ್ಟೂ ಅಗಲವಾಗುತ್ತದೆ. ಆದ್ದರಿಂದ ಮೇಲಿನ ಒಂದು ಮೀಟರಿನ ಬೆಲೆ ಕೆಳಗಿನ ಒಂದು ಮೀಟರಿಗಿಲ್ಲ. ಮೇಲ್ಭಾಗದ ಆಲಮಟ್ಟಿಯನ್ನೇ ನೋಡಿ. 519.60 ಮೀಟರಿಗೆ 123 ಟಿಎಂಸಿ ಹಿಡಿಯುವ ಅಣೆಕಟ್ಟೆಯಲ್ಲಿ 524.256 ಮೀಟರಿನವರೆಗೆ ನೀರು ನಿಲ್ಲಿಸಿದರೆ ಸಂಗ್ರಹ ಸುಮಾರು 200 ಟಿಎಂಸಿ. ಐದು ಮೀಟರೂ ಇಲ್ಲದ ಏರಿಕೆಗೆ ಮೊದಲಿದ್ದುದರ ಅರ್ಧಕ್ಕಿಂತ ಹೆಚ್ಚು ನೀರು. 2010ರ ಕೊನೆಯಲ್ಲಿ ಕೃಷ್ಣಾ ನ್ಯಾಯಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ರಾಜ್ಯ ರಾಜ್ಯಗಳು ಈ ಗೆರೆಗಾಗಿ ಏಕೆ ಜಗಳವಾಡುತ್ತವೆ ಎಂಬುದು ಗಡಿಗೆಯ ಹೊಟ್ಟೆ ಅಳೆದವರಿಗೆ ಹೇಳಿಕೊಡಬೇಕಾಗಿಲ್ಲ.

ಗೆರೆ ಮುಟ್ಟಿದ ಮೇಲೆ ಗೇಟು ತೆರೆಯಲೇಬೇಕು. ಆಗ ಕೆಳಗಿನ ನಡುಗಡ್ಡೆಗಳಿಗೆ ಕಷ್ಟ. ಕಕ್ಕೇರಿ ಸಮೀಪದ ನೀಲಕಂಠರಾಯನಗಡ್ಡಿಯ ಜನ ಪ್ರವಾಹದ ದಿನಗಳಲ್ಲಿ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ದಾಟಿದ್ದುಂಟು. ನೀರು ತುಂಬಿಡುವ ಪಾತ್ರೆಯೇ ಬರಿದಾದಾಗ ನೀರಿನ ಮೇಲೆ ಹೊತ್ತೊಯ್ಯುವ ತೇಲಾಗುತ್ತದೆ.

ಗಡಿಗೆಯ ತಳದಲ್ಲಿ ಗಸಿ ನಿಲ್ಲುವಂತೆ ಜಲಾಶಯದ ತಳದಲ್ಲಿ ಹೂಳು ನಿಲ್ಲುತ್ತದೆ. ಬಸವಸಾಗರಕ್ಕೆ ಮೊದಲು ಲೆಕ್ಕ ಹಾಕಿದ್ದ ಸಾಮರ್ಥ್ಯ 37 ಟಿಎಂಸಿಗೂ ಹೆಚ್ಚು. ಈಗಿನ ಲೆಕ್ಕ 33.31. ಗೆರೆ ಅದೇ 492.25, ನೀರು ಮಾತ್ರ ಸುಮಾರು 4 ಟಿಎಂಸಿ ಕಡಿಮೆ. ಹಳೆಯ ಪಟ್ಟಿಯನ್ನೇ ನಂಬಿ ಕುಳಿತರೆ ಇಲ್ಲದ ನೀರನ್ನು ಹಂಚಿದಂತಾಗುತ್ತದೆ. ಹೀಗಾಗಿ ಜಲಾಶಯಗಳ ತಳವನ್ನು ಆಗಾಗ ದೋಣಿಯಿಂದ ಶಬ್ದದ ಅಲೆ ಕಳಿಸಿ ಹೊಸದಾಗಿ ಅಳೆಯುತ್ತಾರೆ. ಗಡಿಗೆಯನ್ನು ಬೆರಳಿನಿಂದ ಬಡಿದು ನೋಡುವುದರ ದೂರದ ನೆಂಟ ಇದು.

4 ಟಿಎಂಸಿ ಎಂದರೆ ಎಷ್ಟು? ನಾರಾಯಣಪುರ ಎಡದಂಡೆ ಕಾಲುವೆ ಹೊರಬಲ್ಲದ್ದು 10,000 ಕ್ಯುಸೆಕ್. ಅದರ ಆಧುನೀಕರಣದ ಕಾಮಗಾರಿ 2023ರ ಜನವರಿಯಲ್ಲಿ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. ಕಾಲುವೆ ಒಂದು ಹಗಲು ಒಂದು ರಾತ್ರಿ ತುಂಬಿ ಹರಿದರೆ 0.86 ಟಿಎಂಸಿ ಖರ್ಚು. ಹೂಳು ನುಂಗಿದ್ದು ನಾಲ್ಕೂವರೆ ದಿನದ ಹರಿವು. ಅದೆಲ್ಲವೂ ಕಾಲುವೆಗೆ ಸಿಗುವ ನೀರಾಗಿರಲಿಲ್ಲ, ಒಂದು ಪಾಲು ಕಾಲುವೆಯ ತೂಬಿಗಿಂತ ಕೆಳಗಿನದು. ಆದರೂ ಬೇಸಿಗೆ ಬೆಳೆಗೆ ನೀರು ಬಿಡುವ ಸರದಿಯನ್ನು ದಿನಗಳಲ್ಲಿ ಎಣಿಸುವಾಗ, ಶಹಾಪುರದಾಚೆ ಕಾಲುವೆಯ ಕೊನೆಯಲ್ಲಿ ಮೆಣಸಿನಕಾಯಿಯನ್ನೋ ಭತ್ತವನ್ನೋ ನಂಬಿದ ರೈತನಿಗೆ ಎರಡು ದಿನವೂ ದೊಡ್ಡದೇ. ಬೆಳಿಗ್ಗೆ ಎದ್ದು ಅವನು ಮೊದಲು ಹೋಗುವುದು ಮನೆಯ ಹತ್ತಿರದ ಹಂಚುಗಾಲುವೆಗೆ. ಬದುವಿನ ಮೇಲಿನ ಒಂದು ಕಡ್ಡಿ ಮುರಿದು ನೀರಿಗಿಳಿಸಿ, ನಿನ್ನೆಗಿಂತ ಎಷ್ಟು ಬಟ್ಟು ಹೆಚ್ಚು, ಎಷ್ಟು ಕಮ್ಮಿ ಎಂದು ನೋಡಿಕೊಂಡು ಬರುತ್ತಾನೆ.