ಮೊದಲ ಎರರ್ ಎಲ್ಲಿದೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇಕೆಂದರೆ ಒಂದು ಸಾಲಿನ ಕಮಾಂಡ್ ಸಾಕು, ಸಿದ್ಧ ಪ್ಯಾಕೇಜ್ ಇಳಿದು ಇನ್‌ಸ್ಟಾಲ್ ಆಗುತ್ತದೆ. ಹಾಗಿದ್ದೂ ನಾನು ಭಾನುವಾರ ಅದರ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು ಕೂರುತ್ತೇನೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಹಾಗೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಲ್ಲ ಸಲೀಸಾಗಿ ಮುಗಿದರೆ ನನಗೆ ತುಸು ಬೇಸರವೇ. ನಾನು ಕಾಯುವುದು ಎರರ್‌ಗಾಗಿ.

1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳ್ತನದಲ್ಲಿ ಹುಟ್ಟಿದ ಈ ಸಾಫ್ಟ್‌ವೇರ್‌ಗೆ ಒಂದು ಒಳ್ಳೆಯ ಗುಣವಿದೆ: ಜಗಳವನ್ನು ಬಾಗಿಲಲ್ಲೇ ತೆಗೆಯುತ್ತದೆ. ಕಂಪೈಲ್‌ಗೆ ಮುಂಚೆ ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಅದು ಇದೆಯೇ, ಇದು ಇದೆಯೇ ಎಂದು ವಿಚಾರಿಸುತ್ತ ಬಂದು ‘ರೀಡ್‌ಲೈನ್ ಲೈಬ್ರರಿ ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ. ರೀಡ್‌ಲೈನ್ ಬಹಳಷ್ಟು ಸಲ ಯಂತ್ರದಲ್ಲಿ ಇದ್ದೇ ಇರುತ್ತದೆ! ಇಲ್ಲದಿರುವುದು ಕಂಪೈಲ್ ಮಾಡಲು ಬೇಕಾದ ಅದರ ಹೆಡರ್ ಮುಂತಾದ ಫೈಲುಗಳು. ಉಬುಂಟುವಿನಲ್ಲಿ ಅವು ‘ಡೆವ್’ ಎಂಬ ಬಾಲವಿರುವ ಬೇರೆ ಪ್ಯಾಕೇಜಿನಲ್ಲಿರುತ್ತವೆ, ಫೆಡೋರಾದಲ್ಲಿ ‘ಡೆವೆಲ್’. ಇದರ ಪೂರ್ತಿ ಕಥೆ ಕಾನ್ಫಿಗ್ ಡಾಟ್ ಲಾಗ್ ಫೈಲಿನಲ್ಲಿದೆ. ಸ್ಕ್ರಿಪ್ಟು ತಾನೇ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು, ಅದನ್ನು ಕಂಪೈಲ್ ಮಾಡಲು ಹೋಗಿ, ಎಲ್ಲಿ ಎಡವಿತು ಎಂಬುದನ್ನು ಚಾಚೂ ತಪ್ಪದೆ ಬರೆದಿಟ್ಟಿರುತ್ತದೆ. ಪತ್ತೇದಾರಿ ಕಾದಂಬರಿ ಓದುವವರಿಗೆ ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಪೋಸ್ಟ್‌ಗ್ರೆಸ್‌ನ 2023ರ 16ನೇ ಆವೃತ್ತಿಯಿಂದ ಈ ಸ್ಕ್ರಿಪ್ಟು ಐಸಿಯು ಲೈಬ್ರರಿಯನ್ನೂ ಕೇಳುತ್ತದೆ. ‘ವಿದೌಟ್ ಐಸಿಯು’ ಎಂದು ಕೊಟ್ಟು ದಾಟಿಬಿಡಬಹುದು. ನಾನು ದಾಟುವುದಿಲ್ಲ. ಕನ್ನಡ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮಗಳು ಅದರೊಳಗಿವೆ.

ಮೈಎಸ್‌ಕ್ಯುಎಲ್, ಮರಿಯಾಡಿಬಿ ಡೇಟಾಬೇಸ್‌ಗಳದ್ದು ಬೇರೆ ಜಾತಿಯ ಎರರ್. ಅರ್ಧ ದಾರಿ ಸಾಗಿದ ಮೇಲೆ ಸಿ ಪ್ಲಸ್ ಪ್ಲಸ್ ಕಂಪೈಲರ್ ‘ಕಿಲ್ಡ್’ ಎಂಬ ಒಂದು ಪದ ಉಗುಳಿ ಸಾಯುತ್ತದೆ. ಕೋಡಿನಲ್ಲಿ ಹುಳುಕು ಹುಡುಕಿ ಪ್ರಯೋಜನವಿಲ್ಲ. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ಲೇ ಅದನ್ನು ಮುಗಿಸಿರುತ್ತದೆ. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ಕಮಾಂಡ್ ಓಡಿಸಿದರೆ ಅದರ ತಪ್ಪೊಪ್ಪಿಗೆ ಸಿಗುತ್ತದೆ. ಒಟ್ಟಿಗೆ ಎಂಟು ಫೈಲು ಕಂಪೈಲ್ ಮಾಡುವ ಆತುರ ಬಿಟ್ಟು ಎರಡಕ್ಕೆ ಇಳಿಸಿದರೆ ನಿಧಾನವಾಗಿಯಾದರೂ ದಡ ಸೇರುತ್ತದೆ.

ಆ ಆತುರದಿಂದ ಇನ್ನೊಂದು ಪೇಚಿದೆ. ಹಲವು ಫೈಲುಗಳು ಏಕಕಾಲಕ್ಕೆ ಕಂಪೈಲ್ ಆಗುವಾಗ ಸಂದೇಶಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನಿಜವಾದ ಎರರ್ ನೂರಾರು ಸಾಲು ಮೇಲೆಯೇ ಉಳಿದು, ಪರದೆಯ ಕೊನೆಯಲ್ಲಿ ಕಾಣುವುದು ಕಂಪೈಲ್ ನಡೆಸುವ ಮೇಕ್ ಪ್ರೋಗ್ರಾಮಿನ ‘ಮೇಕ್: ಎರರ್ 2’. ಆ ಸಾಲಿನಲ್ಲಿ ಏನೂ ಇಲ್ಲ. ಕೆಳಗೆ ಯಾರೋ ಸೋತರು ಎಂಬ ಸುದ್ದಿಯಷ್ಟೇ. ಒಂದೇ ಜಾಬ್ ಇಟ್ಟು ಮತ್ತೆ ಮೇಕ್ ಓಡಿಸಿ, ಮೊದಲ ಎರರ್ ಹಿಡಿದು, ಅದೊಂದನ್ನು ಸರಿಪಡಿಸಿದರೆ ಉಳಿದ ಮೂವತ್ತು ನಲವತ್ತು ತಾವಾಗಿಯೇ ಮಾಯವಾಗುತ್ತವೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಕೊನೆಗೆ ಪೋಸ್ಟ್‌ಗ್ರೆಸ್‌ನಲ್ಲಿ ‘ಮೇಕ್ ಚೆಕ್’ ಕೊಟ್ಟರೆ ಇನ್ನೂರಕ್ಕೂ ಹೆಚ್ಚು ಪರೀಕ್ಷೆಗಳು ಸಾಲಾಗಿ ‘ಓಕೆ’ ಎನ್ನುವುದನ್ನು ನೋಡುವುದೂ ಚೆನ್ನ, ಆದರೆ ಅದು ಎರಡನೆಯ ಸುಖ.

‘ಎರರ್ 2’ ಸಾಲಿನ ಫೋಟೊ ಮಾತ್ರ ತೆಗೆದು ವಾಟ್ಸಾಪಿನಲ್ಲಿ ಪರಿಹಾರ ಕೇಳುವ ಗೆಳೆಯರಲ್ಲಿ ಒಂದು ವಿನಂತಿ: ದಯವಿಟ್ಟು ಇಡೀ ಲಾಗ್ ಕಳಿಸಿ.